ಅಣುವಿನ ಕಾಟಾ

ಕಬ್ಬಿನ ಹಂಗಾಮು ಶುರುವಾದರೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಒಂದೊಂದೇ ಗಾಡಿ ಕಾಟಾ, ಅಂದರೆ ತೂಕದ ಯಂತ್ರ, ಹತ್ತುತ್ತದೆ. ಮೊದಲು ಕಬ್ಬು ತುಂಬಿದ ತೂಕ, ಇಳಿಸಿ ಬಂದ ಮೇಲೆ ಖಾಲಿ ಗಾಡಿಯ ತೂಕ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವ ಅಂಕಿಯೇ ಒಬ್ಬ ರೈತನ ವರ್ಷದ ದುಡಿಮೆ. ಕಣ್ಣಳತೆ ಎಷ್ಟೇ ಪಳಗಿರಲಿ, ಕಾಟಾದ ಚೀಟಿ ಕೈಗೆ ಬರುವ ತನಕ ಯಾರೂ ಲೆಕ್ಕ ಮುಗಿಸುವುದಿಲ್ಲ.

ಅದೇ ರೈತ ಬೇಸಿಗೆಯಲ್ಲಿ ಬೋರ್ ಕೊರೆಸುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಮೊದಲು ಎರೆ ಮಣ್ಣು, ಆಮೇಲೆ ಗರಸು, ಆಮೇಲೆ ಕರಿಕಲ್ಲಿನ ಬೂದಿಬಣ್ಣದ ಹುಡಿ. ಕರಿಕಲ್ಲಿನ ಹೊದಿಕೆ ತೆಳುವಾಗಿರುವ ಕಡೆ ಕೊರೆಯುತ್ತ ಹೋದಂತೆ ಹುಡಿಯ ಬಣ್ಣವೇ ಬದಲಾಗುತ್ತದೆ: ಸುಣ್ಣಕಲ್ಲಿನ ತಿಳಿಬೂದು, ಜೇಡಿಗಲ್ಲಿನ ನೇರಳೆ, ಬೆಣಚುಕಲ್ಲಿನ ಬಿಳಿ. ಮಷಿನ್ನಿನವರು ಆ ಹುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ 'ಕಲ್ಲು ಬದಲಾತು' ಎನ್ನುತ್ತಾರೆ. ಅಷ್ಟೇ ಮಾತು. ಆದರೆ ಆ ಒಂದು ಗಳಿಗೆಯಲ್ಲಿ ಕೊರೆಯುವ ಸಲಕರಣೆ ನೂರು ಕೋಟಿ ವರ್ಷಗಳ ಅಂತರವನ್ನು ದಾಟಿರುತ್ತದೆ. ಈ ಮಾತನ್ನು ಇಂದು ಧೈರ್ಯವಾಗಿ ಹೇಳಬಹುದಾದರೆ, ಅದರ ಹಿಂದೆ ಕಲ್ಲನ್ನೂ ನೀರನ್ನೂ ಬೇರೊಂದು ಬಗೆಯ ಕಾಟಾದ ಮೇಲೆ ಇಟ್ಟು ತೂಗಿದ ಕೆಲವರ ಜೀವಮಾನದ ದುಡಿಮೆ ಇದೆ. ಈ ಬರಹ ಅವರ ಕಥೆ, ನಮ್ಮ ನೆಲದ ಕಥೆಯೂ ಹೌದು.

ಕ್ರಮ ತಿಳಿಯಿತು, ಕಾಲ ತಿಳಿಯಲಿಲ್ಲ

ಬಾಗಲಕೋಟೆಯ ಸುತ್ತಣ ಈ ಸೀಮೆಯ ಕಲ್ಲುಗಳ ಬಗ್ಗೆ ಮೊದಲ ದೊಡ್ಡ ಗ್ರಂಥ ಬಂದದ್ದು 1876ರಲ್ಲಿ. ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರೂ ಇವರೇ. ಆಗ 'ದಕ್ಷಿಣ ಮರಾಠಾ ದೇಶ' ಎನ್ನುತ್ತಿದ್ದ ನಮ್ಮ ಸೀಮೆಯಲ್ಲಿ ಸುತ್ತಾಡಿ, ಬೆಣಚುಕಲ್ಲು, ಜೇಡಿಗಲ್ಲು, ಸುಣ್ಣಕಲ್ಲುಗಳ ಪದರಗಳನ್ನು ಒಟ್ಟುಗೂಡಿಸಿ ಅವಕ್ಕೆ 'ಕಲಾದಗಿ' ಎಂಬ ಹೆಸರಿಟ್ಟರು. ಕಲಾದಗಿ ಆಗ ಜಿಲ್ಲೆಯ ಕೇಂದ್ರ. ಜಿಲ್ಲೆಯ ಹೆಸರು ಆಮೇಲೆ ವಿಜಾಪುರವಾಯಿತು, ನಮ್ಮ ಕಾಲಕ್ಕೆ ಅದು ಒಡೆದು ಈ ಭಾಗ ಬಾಗಲಕೋಟೆ ಜಿಲ್ಲೆಯಾಯಿತು. ಕಲ್ಲಿಗೆ ಇಟ್ಟ ಹೆಸರು ಮಾತ್ರ ಇಂದಿಗೂ ಕಲಾದಗಿಯೇ. ಭೂವಿಜ್ಞಾನದ ಬರಹಗಳಲ್ಲೂ ಅದೇ ಹೆಸರು.

ಫೂಟ್ ಕಣ್ಣಿನಿಂದಲೇ ಒಂದು ಕ್ರಮ ಹಿಡಿದರು. ತಳದಲ್ಲಿ ಗಟ್ಟಿ ಪಟ್ಟೆಕಲ್ಲು, ಅಂದರೆ ನೈಸ್ ಮತ್ತು ಗ್ರಾನೈಟು. ಅದರ ಮೇಲೆ ಕಲಾದಗಿಯ ಪದರಗಳು. ಎಲ್ಲಕ್ಕೂ ಮೇಲೆ, ಉತ್ತರ ಮತ್ತು ಪಶ್ಚಿಮದ ಕಡೆ ಹಾಸಿದ ಕರಿಕಲ್ಲು, ಅಂದರೆ ದಖನ್ನಿನ ಲಾವಾ. ಮನೆಯ ಗೋಡೆಯಲ್ಲಿ ಯಾವ ವರಸೆ ಮೊದಲು ಕಟ್ಟಿದ್ದು, ಯಾವುದು ಆಮೇಲಿನದು ಎಂದು ಗೌಂಡಿ ಹೇಳುವ ಹಾಗೆ. ಒಂದು ವರಸೆಗೂ ಇನ್ನೊಂದಕ್ಕೂ ನಡುವೆ ಎಷ್ಟು ವರ್ಷ ಹೋಯಿತು? ಅದನ್ನು ಗೋಡೆ ಹೇಳುವುದಿಲ್ಲ. ಕಲಾದಗಿಯ ಕಲ್ಲುಗಳಲ್ಲಿ ಶಂಖ, ಎಲುಬು, ಎಲೆಗಳ ಪಳೆಯುಳಿಕೆಯೂ ಇಲ್ಲ. ಹೀಗಾಗಿ ಅವುಗಳ ವಯಸ್ಸನ್ನು ಅಳೆಯಲು ಆ ಕಾಲದಲ್ಲಿ ದಾರಿಯೇ ಇರಲಿಲ್ಲ.

ಒಂದೇ ಹೆಸರು, ಬೇರೆ ತೂಕ

ದಾರಿ ತೆರೆದದ್ದು ಕಲ್ಲೊಡೆಯುವ ಸುತ್ತಿಗೆಯಿಂದ ಅಲ್ಲ, ರಸಾಯನಶಾಲೆಯಿಂದ. 1913ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಫ್ರೆಡರಿಕ್ ಸಾಡಿ 'ಐಸೊಟೋಪು' ಎಂಬ ಪದವನ್ನು ಬಳಕೆಗೆ ತಂದರು. ಕನ್ನಡದಲ್ಲಿ ನಾವು ಸಮಸ್ಥಾನಿ ಎನ್ನುತ್ತೇವೆ. ಒಂದೇ ಮೂಲವಸ್ತು, ಒಂದೇ ರಾಸಾಯನಿಕ ಗುಣ, ಆದರೆ ಪರಮಾಣುವಿನ ತೂಕ ಬೇರೆ. ಈ ಸಮಸ್ಥಾನಿಗಳಲ್ಲಿ ಕೆಲವು ತಾವಾಗಿಯೇ ಒಡೆದು ಬೇರೊಂದು ವಸ್ತುವಾಗುತ್ತವೆ. ಒಡೆಯುವ ವೇಗವನ್ನು ಬಿಸಿಲಾಗಲಿ, ಮಳೆಯಾಗಲಿ, ನೆಲದಾಳದ ಒತ್ತಡವಾಗಲಿ ಹೆಚ್ಚುಕಡಿಮೆ ಮಾಡಲಾರವು. ರುಬಿಡಿಯಂ–87 ನಿಧಾನವಾಗಿ ಸ್ಟ್ರಾನ್ಷಿಯಂ–87 ಆಗುತ್ತದೆ. ಅದರ ಅರ್ಧ ಪಾಲು ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು. ಪೊಟ್ಯಾಸಿಯಂ–40ರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಅದರ ಒಂದು ಪಾಲು ಆರ್ಗಾನ್ ಅನಿಲವಾಗಿ ಕಲ್ಲಿನ ಹರಳಿನೊಳಗೇ ಸೆರೆಯಾಗಿ ಉಳಿಯುತ್ತದೆ. ಎಷ್ಟು ಉಳಿದಿದೆ, ಎಷ್ಟು ಬದಲಾಗಿದೆ ಎಂದು ತೂಗಿದರೆ ಕಲ್ಲಿನ ವಯಸ್ಸು ಸಿಗುತ್ತದೆ.

ತೂಗುವುದಕ್ಕೆ ಬೇಕಾದ ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಅದು ಅಣುವಿನ ಕಾಟಾ. ವಸ್ತುವನ್ನು ಕಾಯಿಸಿ, ಪರಮಾಣುಗಳಿಗೆ ವಿದ್ಯುತ್ತಿನ ಅಂಶ ಕೊಟ್ಟು, ಗಾಳಿಯನ್ನೆಲ್ಲ ಹೀರಿ ತೆಗೆದ ಕೊಳವೆಯಲ್ಲಿ ಓಡಿಸುತ್ತಾರೆ. ದಾರಿಯಲ್ಲಿ ಅಯಸ್ಕಾಂತ ಇರುತ್ತದೆ. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ ಬಾಗುತ್ತದೆ. ಕೊನೆಗೆ ಬೇರೆ ಬೇರೆ ಪಾತ್ರೆಗಳಲ್ಲಿ ಬೇರೆ ಬೇರೆ ತೂಕದವು ಬಂದು ಬೀಳುತ್ತವೆ. ಇಂಗ್ಲೆಂಡಿನ ಭೂವಿಜ್ಞಾನಿ ಆರ್ಥರ್ ಹೋಮ್ಸ್ 1913ರಲ್ಲಿ ಭೂಮಿಯ ವಯಸ್ಸಿನ ಬಗ್ಗೆ ಪುಸ್ತಕ ಬರೆದರು. 1955ರಲ್ಲಿ ಭಾರತ ಮತ್ತು ಸಿಂಹಳದ ಹಳೆಯ ಕಲ್ಲುಗಳ ಕಾಲಗಣನೆಗೂ ಕೈಹಾಕಿದರು. ಮರುವರ್ಷವೇ ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕೆಗಳ ಸೀಸವನ್ನು ತೂಗಿ ಭೂಮಿಯ ವಯಸ್ಸು 455 ಕೋಟಿ ವರ್ಷವೆಂದು ಪ್ರಕಟಿಸಿದರು.

ಮುಂಬೈಯಿಂದ ಅಹಮದಾಬಾದಿಗೆ

ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ದೇವೇಂದ್ರ ಲಾಲ್ ಎಂಬ ತರುಣ ವಿಜ್ಞಾನಿ ಬಾಹ್ಯಾಕಾಶದಿಂದ ಬರುವ ಕಿರಣಗಳ ಅಧ್ಯಯನ ಮಾಡುತ್ತಿದ್ದರು. ಆ ಕಿರಣಗಳು ವಾತಾವರಣಕ್ಕೆ ಬಡಿದಾಗ ಹೊಸ ಸಮಸ್ಥಾನಿಗಳು ಹುಟ್ಟಿ ಮಳೆಯೊಡನೆ ನೆಲಕ್ಕೂ ಕಡಲಿಗೂ ಇಳಿಯುತ್ತವೆ. ಅವನ್ನು ಹಿಡಿದರೆ ನೀರಿನ, ಕೆಸರಿನ, ಹಿಮದ ವಯಸ್ಸು ಹೇಳಬಹುದು. 1960ರಲ್ಲಿ ಲಾಲ್ ಮತ್ತು ಸಂಗಡಿಗರು ಕಡಲಿನ ಸ್ಪಂಜುಗಳಲ್ಲಿ ಸಿಲಿಕಾನ್–32 ಇರುವುದನ್ನು ತೋರಿಸಿಕೊಟ್ಟರು. 1972ರಲ್ಲಿ ಲಾಲ್ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾದರು. ವಿಕ್ರಮ್ ಸಾರಾಭಾಯಿ 1947ರಲ್ಲಿ ಕಟ್ಟಿದ ಆ ಸಂಸ್ಥೆ ಅಲ್ಲಿಂದಾಚೆಗೆ ಕಲ್ಲು–ನೀರಿನ ಸಮಸ್ಥಾನಿ ವಿದ್ಯೆಯ ದೊಡ್ಡ ಮನೆಯಾಯಿತು.

ಲಾಲ್ ಗುಂಪಿನಲ್ಲಿ ಪಳಗಿದವರಲ್ಲಿ ಎಸ್. ಕೃಷ್ಣಸ್ವಾಮಿ ಒಬ್ಬರು. ಅವರ ಸಂಶೋಧನೆಯ ಹಾದಿ ನೋಡಿದರೆ ಒಂದೇ ಪ್ರಶ್ನೆ ನಾಲ್ಕು ದಶಕ ಬೆನ್ನು ಹತ್ತಿದ್ದು ಕಾಣುತ್ತದೆ: ಕಲ್ಲನ್ನು ನೀರು ಹೇಗೆ ಕರಗಿಸುತ್ತದೆ, ಕರಗಿದ್ದು ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಹಿಡಿಯುತ್ತದೆ? 1971ರಲ್ಲಿ ಲಾಲ್ ಮತ್ತು ಇಬ್ಬರು ಫ್ರೆಂಚ್ ಸಂಶೋಧಕರ ಜೊತೆ ಸರೋವರದ ಕೆಸರಿನ ಕಾಲಗಣನೆ ಕುರಿತು ಪ್ರಕಟಿಸಿದ ಪ್ರಬಂಧ ಇಂದಿಗೂ ಉಲ್ಲೇಖವಾಗುತ್ತದೆ. ಅದರ ತಿರುಳು ಸರಳ. ನೆಲದಿಂದ ರೇಡಾನ್ ಅನಿಲ ಗಾಳಿಗೆ ಏರುತ್ತದೆ, ಗಾಳಿಯಲ್ಲಿ ಒಡೆದು ಸೀಸ–210 ಆಗುತ್ತದೆ, ಮಳೆಯೊಡನೆ ಕೆರೆಗೆ ಬಿದ್ದು ಕೆಸರಿನಲ್ಲಿ ಹೂತುಹೋಗುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತದೆ. ಕೆಸರಿನ ಪದರಗಳಲ್ಲಿ ಅದು ಎಷ್ಟು ಉಳಿದಿದೆ ನೋಡಿದರೆ ನೂರು ವರ್ಷಗಳ ಹೂಳಿನ ಲೆಕ್ಕ ಸಿಗುತ್ತದೆ. ಹಿಡಕಲ್, ಆಲಮಟ್ಟಿಯಂಥ ಜಲಾಶಯಗಳನ್ನು ನಂಬಿ ಬದುಕುವ ನಮಗೆ ಹೂಳಿನ ಲೆಕ್ಕ ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

1982ರಲ್ಲಿ ಕೃಷ್ಣಸ್ವಾಮಿ ಯೇಲ್ ವಿಶ್ವವಿದ್ಯಾಲಯದ ಕಾರ್ಲ್ ಟುರೆಕಿಯನ್ ಮೊದಲಾದವರ ಜೊತೆ ಅಂತರ್ಜಲದ ರೇಡಿಯಂ, ಥೋರಿಯಂ, ಸೀಸಗಳನ್ನು ಅಳೆದರು. 1984ರಲ್ಲಿ ಎಂ. ಎಂ. ಸರಿನ್ ಜೊತೆಗೂಡಿ ಗಂಗಾ–ಬ್ರಹ್ಮಪುತ್ರಾ ನೀರಿನ ರಸಾಯನವನ್ನು 'ನೇಚರ್' ಪತ್ರಿಕೆಯಲ್ಲಿ ಮಂಡಿಸಿದರು. 1992ರಲ್ಲಿ ಅದೇ ನದಿಗಳ ಸ್ಟ್ರಾನ್ಷಿಯಂ ಸಮಸ್ಥಾನಿಗಳ ಕೆಲಸ ಬಂತು. ಕಳೆದ 4 ಕೋಟಿ ವರ್ಷಗಳಲ್ಲಿ ಕಡಲ ನೀರಿನ ಸ್ಟ್ರಾನ್ಷಿಯಂ ಅನುಪಾತ ಏರುತ್ತ ಬಂದಿರುವುದಕ್ಕೆ ಹಿಮಾಲಯದ ಕಲ್ಲು ಕರಗುತ್ತಿರುವುದು ಎಷ್ಟು ಕಾರಣ ಎಂಬ ಜಗತ್ತಿನ ಚರ್ಚೆಗೆ ಅದು ಗಟ್ಟಿ ಆಧಾರ ಕೊಟ್ಟಿತು.

ಕನ್ನಡ ನೆಲದ ಹುಟ್ಟುದಾಖಲೆ

ಈ ನಡುವೆ ನಮ್ಮ ತಳಗಲ್ಲಿನ ಲೆಕ್ಕವೂ ನಡೆದಿತ್ತು. ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ ಅವರು ಮುಂದೆ ನಿಂತು 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದರು. ಆ ಸಂಘದ ಪತ್ರಿಕೆಯಲ್ಲೇ 1969ರಲ್ಲಿ ಎ. ಆರ್. ಕ್ರಾಫರ್ಡ್ ದಕ್ಷಿಣ ಭಾರತದ ಹಳೆಯ ಕಲ್ಲುಗಳ ರುಬಿಡಿಯಂ–ಸ್ಟ್ರಾನ್ಷಿಯಂ ವಯಸ್ಸುಗಳನ್ನು ಮೊದಲ ಬಾರಿಗೆ ವಿಸ್ತಾರವಾಗಿ ಪ್ರಕಟಿಸಿದರು. 1980ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಪಟ್ಟೆಕಲ್ಲಿಗೆ 336 ಕೋಟಿ ವರ್ಷ ಎಂಬ ವಯಸ್ಸು 'ನೇಚರ್' ಪತ್ರಿಕೆಯಲ್ಲಿ ಬಂತು. 1989ರಲ್ಲಿ ವಿ. ರಾಜಾಮಣಿ, ಎಸ್. ಬಾಲಕೃಷ್ಣನ್ ಮತ್ತು ಅಮೆರಿಕದ ಸಂಗಡಿಗರು ಕೋಲಾರದ ಕಲ್ಲುಗಳನ್ನು ತೂಗಿ, 250 ಕೋಟಿ ವರ್ಷಗಳ ಹಿಂದೆಯೇ ಭೂಫಲಕಗಳು ಬಂದು ಕೂಡಿದ್ದಕ್ಕೆ ಅಲ್ಲಿ ಸಾಕ್ಷ್ಯವಿದೆ ಎಂದು 'ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕ್ಲೋಸ್‌ಪೇಟ್ ಗ್ರಾನೈಟಿನ ಮೇಲೆ ಕೆಲಸ ಮಾಡಿದ ಎಂ. ಜಯಾನಂದ ಅವರು 2008ರಲ್ಲಿ ಸಂಗಡಿಗರೊಡನೆ ಪಶ್ಚಿಮ ಧಾರವಾಡ ಸೀಮೆಯ ಕೊಮಾಟಿಯೈಟ್ ಎಂಬ ಲಾವಾಗೆ 335 ಕೋಟಿ ವರ್ಷ ಎಂದು ನಿಯೋಡಿಮಿಯಂ ಸಮಸ್ಥಾನಿಗಳಿಂದ ತೋರಿಸಿದರು. ನಮ್ಮ ನೆಲದ ತಳಪಾಯ ಭೂಮಿಯ ಅತ್ಯಂತ ಹಳೆಯ ಖಂಡಗಳ ಸಾಲಿಗೆ ಸೇರಿತು.

ಮೇಲಿನ ವರಸೆಯ ಲೆಕ್ಕ ಅಷ್ಟು ಸಲೀಸಾಗಿ ಕೂಡಿ ಬರಲಿಲ್ಲ. ದಖನ್ನಿನ ಲಾವಾ ಉಕ್ಕಿದ್ದು ಡೈನೊಸಾರುಗಳು ಅಳಿದ ಕಾಲದಲ್ಲೋ, ಅದಕ್ಕೂ ಮೊದಲೋ? ಅಹಮದಾಬಾದಿನ ಟಿ. ಆರ್. ವೆಂಕಟೇಶನ್ ಮತ್ತು ಕಾಂಚನ್ ಪಾಂಡೆ, ಅವರೊಡನೆ ಕೆ. ಗೋಪಾಲನ್, ಸಹ್ಯಾದ್ರಿಯ ಲಾವಾ ಪದರಗಳ ಆರ್ಗಾನನ್ನು ತೂಗಿ, 1993ರಲ್ಲಿ ಈ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಪ್ರಬಂಧ ಬರೆದರು. ವಾದ ಎರಡು ದಶಕ ನಡೆಯಿತು. 2015ರಲ್ಲಿ ಬ್ಲೇರ್ ಶೋನ್ ಮತ್ತು ಸಂಗಡಿಗರು ಜಿರ್ಕಾನ್ ಹರಳಿನ ಯುರೇನಿಯಂ–ಸೀಸದ ಲೆಕ್ಕದಿಂದ, ಮುಖ್ಯ ಉಕ್ಕುವಿಕೆ ಆ ಮಹಾ ಅಳಿವಿಗೆ ಸುಮಾರು 2.5 ಲಕ್ಷ ವರ್ಷ ಮೊದಲು ಶುರುವಾಗಿ 7.5 ಲಕ್ಷ ವರ್ಷಗಳಷ್ಟು ಕಾಲ ನಡೆಯಿತು ಎಂದರು. ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಜಮಖಂಡಿಯ ಎರೆ ಹೊಲದಲ್ಲಿ ನೇಗಿಲಿಗೆ ಸಿಕ್ಕುವ ಕರಿಕಲ್ಲಿನ ಹುಟ್ಟುದಾಖಲೆ ಇದು.

ಕೃಷ್ಣೆಯ ಸರದಿ

ಇಷ್ಟು ಕಲ್ಲುಗಳ ನಡುವೆ ಹರಿಯುವ ನೀರು ಏನು ಹೇಳುತ್ತದೆ? 2001ರಲ್ಲಿ ಫ್ರಾನ್ಸಿನ ಸೆಲೀನ್ ಡೆಸೇರ್ ಮತ್ತು ಸಂಗಡಿಗರು ನರ್ಮದೆ, ತಾಪಿಗಳ ನೀರಿನಿಂದ ದಖನ್ನಿನ ಲಾವಾ ಕರಗುವ ವೇಗವನ್ನು ಅಂದಾಜು ಮಾಡಿದರು. ಕರಿಕಲ್ಲು ಕರಗುವುದು ಇಡೀ ಭೂಮಿಯ ಹವೆಗೆ ಸಂಬಂಧಿಸಿದ ಮಾತು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಕಲ್ಲನ್ನು ಕರಗಿಸಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸುತ್ತದೆ. ಇಂಗಾಲ ಬೈಕಾರ್ಬೊನೇಟಾಗಿ ನದಿ ಸೇರಿ, ಕಡಲು ಸೇರಿ, ಕೊನೆಗೆ ಸುಣ್ಣಕಲ್ಲಾಗಿ ಕೂರುತ್ತದೆ. ಲಾವಾ ಕಲ್ಲು ಬೇರೆ ಕಲ್ಲುಗಳಿಗಿಂತ ಬೇಗ ಕರಗುವುದರಿಂದ ಗಾಳಿಯ ಇಂಗಾಲವನ್ನು ತಗ್ಗಿಸುವುದರಲ್ಲಿ ಅದರ ಪಾಲು ದೊಡ್ಡದು.

ಅನಿರ್ಬನ್ ದಾಸ್, ಕೃಷ್ಣಸ್ವಾಮಿ, ಸರಿನ್, ಪಾಂಡೆ ಈ ಪ್ರಶ್ನೆಯನ್ನು ಹೊತ್ತು ಕೃಷ್ಣೆಯ ಕೊಳ್ಳಕ್ಕೂ ಸಹ್ಯಾದ್ರಿಯ ಹೊಳೆಗಳಿಗೂ ಇಳಿದರು. ಅವರ ಪ್ರಬಂಧ 2005ರಲ್ಲಿ, ಭೂರಸಾಯನದ ಹಿರಿಯ ಪತ್ರಿಕೆಯಾದ 'ಜಿಯೊಕಿಮಿಕಾ ಎ ಕಾಸ್ಮೊಕಿಮಿಕಾ ಆಕ್ಟಾ'ದಲ್ಲಿ ಬಂತು. ಮರುವರ್ಷ ದಾಸ್, ಕೃಷ್ಣಸ್ವಾಮಿ ಮತ್ತು ಎ. ಕುಮಾರ್ ದಖನ್ನಿನ ನದಿಗಳ ಸ್ಟ್ರಾನ್ಷಿಯಂ ಸಮಸ್ಥಾನಿಗಳ ಬಗ್ಗೆ ಬರೆದರು. 6.6 ಕೋಟಿ ವರ್ಷಗಳ ಹಿಂದಿನ ಕಡಲ ನೀರಿನ ಮೇಲೆ ಈ ಲಾವಾ ಏನು ಪರಿಣಾಮ ಮಾಡಿರಬಹುದು ಎಂಬ ತನಕ ಅವರ ವಿಚಾರ ಹೋಯಿತು.

ಇಂಥ ಕೆಲಸ ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಹೊಳೆಯ ನಡುಹರಿವಿನಿಂದ ನೀರು ಎತ್ತುತ್ತಾರೆ. ಬಾಟಲಿಯನ್ನು ಅದೇ ಹೊಳೆಯ ನೀರಿನಲ್ಲಿ ತೊಳೆದು ಆಮೇಲೆ ತುಂಬುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಸೋಸುಹಾಳೆಯಲ್ಲಿ ಸೋಸಿ, ಲೋಹದ ಅಂಶ ಬಾಟಲಿಯ ಗೋಡೆಗೆ ಅಂಟದಿರಲೆಂದು ಕೆಲವು ಹನಿ ಶುದ್ಧ ನೈಟ್ರಿಕ್ ಆಮ್ಲ ಬಿಡುತ್ತಾರೆ. ಪ್ರಯೋಗಾಲಯದಲ್ಲಿ ಆ ನೀರಿನಿಂದ ಸ್ಟ್ರಾನ್ಷಿಯಂ ಒಂದನ್ನೇ ಬೇರ್ಪಡಿಸಿ, ಕೂದಲೆಳೆಯಷ್ಟು ಸಣ್ಣ ಲೋಹದ ತಂತಿಯ ಮೇಲೆ ಒಂದು ಹನಿ ಒಣಗಿಸಿ ಯಂತ್ರದೊಳಗೆ ಇಡುತ್ತಾರೆ. ಬರುವ ಉತ್ತರ ಬಿಂದುವಿನ ಆಚೆ ಐದು ಅಂಕಿಗಳ ಒಂದು ಸಂಖ್ಯೆ. ಇಡೀ ಕಥೆ ಇರುವುದು ಆ ಕೊನೆಯ ಅಂಕಿಗಳಲ್ಲಿ. ಇಂದಿನ ಕಡಲ ನೀರಿನಲ್ಲಿ ಸ್ಟ್ರಾನ್ಷಿಯಂ–87ಕ್ಕೂ ಸ್ಟ್ರಾನ್ಷಿಯಂ–86ಕ್ಕೂ ಇರುವ ಅನುಪಾತ 0.7092. ದಖನ್ನಿನ ಕರಿಕಲ್ಲು ಹೊಸದು, ರುಬಿಡಿಯಂ ಕಡಿಮೆ. ಅದರ ಅನುಪಾತ ಬಹುಪಾಲು 0.704ರಿಂದ 0.710ರ ಒಳಗೆ. ಹಳೆಯ ಗ್ರಾನೈಟು, ಪಟ್ಟೆಕಲ್ಲುಗಳಲ್ಲಿ ರುಬಿಡಿಯಂ ಹೆಚ್ಚು, ಕಾಲವೂ ಹೆಚ್ಚು. ಅಲ್ಲಿ ಅನುಪಾತ 0.72ನ್ನೂ ಮೀರಿ ಏರುತ್ತದೆ.

ಈ ಅಂಕಿಗಳನ್ನು ಕೈಯಲ್ಲಿ ಹಿಡಿದು ಘಟಪ್ರಭೆಯ ಜೊತೆ ನಡೆಯಿರಿ. ಸಹ್ಯಾದ್ರಿಯಲ್ಲಿ ಹುಟ್ಟುವಾಗ ಅದು ಲಾವಾದ ಮಗಳು. ಗೋಕಾಕದಲ್ಲಿ ಕಲಾದಗಿ ಸೀಮೆಯ ಮರಳುಗಲ್ಲಿನ ಮೇಲಿಂದ ಸುಮಾರು 52 ಮೀಟರ್ ಧುಮುಕುತ್ತದೆ. ಮುಧೋಳದ ಬಯಲು ದಾಟಿ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ದಾರಿಯಲ್ಲಿ ಮುಟ್ಟಿದ ಪ್ರತಿ ಕಲ್ಲಿನ ಗುರುತನ್ನೂ ಆ ನೀರು ಹೊತ್ತಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮಳೆಗಾಲದ ಕೆಂಪು ರಾಡಿ; ಅಣುವಿನ ಕಾಟಾಕ್ಕೆ ಕಾಣುವುದು ಮೂರು ತಲೆಮಾರಿನ ಕಲ್ಲುಗಳ ಪಾಲುಪಟ್ಟಿ.

ನಡುವಿನ ವರಸೆಗೆ, ಅಂದರೆ ಫೂಟ್ ಹೆಸರಿಟ್ಟ ಕಲಾದಗಿಗೆ, ಒಂದು ನಂಬಲರ್ಹ ಗಡುವು ಸಿಕ್ಕಿದ್ದು ತೀರ ಈಚೆಗೆ. 2018ರಲ್ಲಿ ಶಿಲ್ಪಾ ಪಾಟೀಲ್ ಪಿಳ್ಳೈ, ಕಾಂಚನ್ ಪಾಂಡೆ, ವಿವೇಕ್ ಕಾಳೆ ಅವರು ಬಾಗಲಕೋಟೆ ಪದರಗಳನ್ನು ಸೀಳಿಕೊಂಡು ನುಗ್ಗಿದ ಮಲ್ಲಾಪುರದ ಅಗ್ನಿಶಿಲೆಯ ಆರ್ಗಾನನ್ನು ತೂಗಿದರು. ಅದರ ವಯಸ್ಸು ಸುಮಾರು 115 ಕೋಟಿ ವರ್ಷ. ಸೀಳಿದ ಕಲ್ಲು ಅಷ್ಟು ಹಳೆಯದಾದರೆ ಸೀಳಿಸಿಕೊಂಡ ಸುಣ್ಣಕಲ್ಲು, ಬೆಣಚುಕಲ್ಲು ಇನ್ನೂ ಹಳೆಯವು. ಲೋಕಾಪುರ, ಮುದ್ದಾಪುರಗಳ ಸಿಮೆಂಟಿಗೆ ನಾವು ಸುಡುತ್ತಿರುವುದು, ಭೂಮಿಯ ಮೇಲೆ ಗಿಡಮರ, ಪ್ರಾಣಿಗಳು ಹುಟ್ಟುವ ಎಷ್ಟೋ ಮೊದಲು ಕಡಲ ತಳದಲ್ಲಿ ಕೂತ ಸುಣ್ಣ. ಫೂಟ್ ಹೆಸರಿಟ್ಟು 142 ವರ್ಷ ಕಳೆದ ಮೇಲೆ ಆ ಕಲ್ಲಿಗೆ ಒಂದು ಅಂಕಿ ದಕ್ಕಿತು.

ಬೆಲ್ಲದಲ್ಲಿ, ರೊಟ್ಟಿಯಲ್ಲಿ, ಸವಳಿನಲ್ಲಿ

ಈ ವಿದ್ಯೆ ಹೊಲದ ತನಕವೂ ಬರುತ್ತದೆ. ಕಬ್ಬು, ಜೋಳ, ಸಜ್ಜೆ, ಗೋವಿನಜೋಳ ಗಾಳಿಯ ಇಂಗಾಲವನ್ನು ಹಿಡಿಯುವ ಬಗೆ ಒಂದು. ಭತ್ತ, ಗೋದಿ, ತೊಗರಿಯ ಬಗೆ ಇನ್ನೊಂದು. ಆದ್ದರಿಂದ ಇಂಗಾಲ–13ರ ಪ್ರಮಾಣ ಎರಡರಲ್ಲೂ ಬೇರೆ. ಜಗತ್ತು ಒಪ್ಪಿದ ಒಂದು ಸುಣ್ಣದ ಮಾದರಿಗೆ ಹೋಲಿಸಿದರೆ ಕಬ್ಬಿನಲ್ಲಿ ಅದು ಸಾವಿರಕ್ಕೆ ಸುಮಾರು 12ರಷ್ಟು ಕಡಿಮೆ, ಭತ್ತ–ಗೋದಿಯಲ್ಲಿ ಸುಮಾರು 27ರಷ್ಟು ಕಡಿಮೆ. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಬೆರೆಸಿದ್ದನ್ನು ಜಗತ್ತಿನ ಪ್ರಯೋಗಾಲಯಗಳು ಹಿಡಿಯುವುದು ಈ ಅಂಕಿಯಿಂದಲೇ. ಮಹಾಲಿಂಗಪುರದ ಬೆಲ್ಲದ ಪೆಂಟೆಯಲ್ಲೂ ಆ ಗುರುತು ಇದೆ. ತಲೆತಲಾಂತರದಿಂದ ಜೋಳದ ರೊಟ್ಟಿ ಉಂಡವರ ಎಲುಬಿನಲ್ಲೂ ಇದೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ನೀರು. ಕಾಲುವೆ ಬಂದ ಮೇಲೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಎಷ್ಟೋ ಎರೆ ಹೊಲಗಳು ಸವಳು–ಜವಳಿಗೆ ಬಿದ್ದಿವೆ. ಬೆಳಗಿನ ಬಿಸಿಲಿಗೆ ಬದುವಿನ ಮೇಲೆ ಬಿಳಿ ಪುಡಿ ಹೊಳೆಯುವುದನ್ನು ಕಂಡವರಿಗೆ ಆ ಸಂಕಟ ಗೊತ್ತು. ಆ ಉಪ್ಪು ಎಲ್ಲಿಂದ ಬಂತು? ಕಲ್ಲಿನಿಂದ ಕರಗಿ ಬಂದದ್ದೋ, ಹೆಚ್ಚು ಹಾಯಿಸಿದ ನೀರು ಆವಿಯಾಗಿ ಉಳಿಸಿ ಹೋದದ್ದೋ? ನೀರಿನ ಸಮಸ್ಥಾನಿಗಳು ಇದಕ್ಕೆ ಉತ್ತರ ಕೊಡಬಲ್ಲವು. 1961ರಲ್ಲಿ ಹಾರ್ಮನ್ ಕ್ರೇಗ್ ತೋರಿಸಿದಂತೆ, ಜಗತ್ತಿನ ಮಳೆನೀರಿನ ಭಾರಜಲಜನಕ ಮತ್ತು ಆಮ್ಲಜನಕ–18 ಒಂದು ನೇರ ಗೆರೆಯ ಮೇಲೆ ಕೂರುತ್ತವೆ. ನೀರು ಬಿಸಿಲಿಗೆ ಆವಿಯಾದಾಗ ಹಗುರವಾದದ್ದು ಮೊದಲು ಹಾರುತ್ತದೆ, ಭಾರವಾದದ್ದು ಹಿಂದೆ ಉಳಿಯುತ್ತದೆ, ಆ ನೀರು ಗೆರೆಯಿಂದ ಪಕ್ಕಕ್ಕೆ ಸರಿಯುತ್ತದೆ. ಕಲ್ಲಿನ ಉಪ್ಪು ಕರಗಿದ ಮಾತ್ರಕ್ಕೆ ಸರಿಯುವುದಿಲ್ಲ. ಮಳೆ ನೆಲಕ್ಕೆ ಎಷ್ಟು ಇಂಗುತ್ತದೆ ಎಂಬುದಕ್ಕೂ ಉಪಾಯವಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಆರ್. ಎನ್. ಅಠವಳೆ, ಆರ್. ರಂಗರಾಜನ್ ಮೊದಲಾದವರು ಮಳೆಗಾಲಕ್ಕೆ ಮುನ್ನ ಬೇರುಗಳ ಕೆಳಗೆ ಟ್ರಿಟಿಯಂ ಎಂಬ ಜಲಜನಕದ ಸಮಸ್ಥಾನಿಯ ಗುರುತಿನ ನೀರು ಇಟ್ಟು, ಮಳೆ ಮುಗಿದ ಮೇಲೆ ಅಗೆದು, ಆ ಗುರುತು ಎಷ್ಟು ಆಳಕ್ಕೆ ಇಳಿದಿದೆ ನೋಡಿದರು. ದೇಶದ ನಾನಾ ಸೀಮೆಗಳಲ್ಲಿ ಮಾಡಿದ ಈ ಅಳತೆಗಳು, ಗಟ್ಟಿ ಕಲ್ಲಿನ ನಾಡಿನಲ್ಲಿ ಮಳೆಯ ಸಣ್ಣ ಪಾಲು ಮಾತ್ರ ಆಳಕ್ಕೆ ಇಳಿಯುತ್ತದೆ ಎಂದು ತಿಳಿಸಿವೆ.

ಇದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದು ಒಂದು ಮಾತು. ಫೂಟ್ ನೋಡಿದ್ದು ಕಣ್ಣಿನಿಂದ. ಅವರ ಕ್ರಮ ಇಂದಿಗೂ ನಿಂತಿದೆ. ಲಾಲ್, ಕೃಷ್ಣಸ್ವಾಮಿ, ಪಾಂಡೆ ತೂಗಿದರು. ಆ ಕ್ರಮಕ್ಕೆ ವರ್ಷ ಕೂಡಿತು, ವಂಶ ಕೂಡಿತು. ಒಬ್ಬರ ಅಂಕಿಯನ್ನು ಇನ್ನೊಬ್ಬರು ಮತ್ತೆ ತೂಗಿ ತಿದ್ದಿದರು, ತಿದ್ದಿಸಿಕೊಂಡವರು ಅದನ್ನು ಸೋಲೆಂದು ತಿಳಿಯಲಿಲ್ಲ. ಕಬ್ಬಿನ ತೂಕದಲ್ಲಿ ಒಂದು ಕಿಲೊ ಆಚೀಚೆ ಆಗಬಾರದೆಂದು ರಾತ್ರಿಯಿಡೀ ಸರದಿಯಲ್ಲಿ ಕಾಯುವ ಜನ ನಾವು. ನಮ್ಮ ಕಾಲಡಿಯ ನೀರಿಗೂ ಅಷ್ಟೇ ಖಚಿತವಾದ ಲೆಕ್ಕ ಬೇಕು. ಊರಿಗೊಂದು ಬಾವಿ, ಬಾವಿಗೊಂದು ಬಾಟಲಿ, ಮೇಲೊಂದು ಚೀಟಿ: ಯಾವ ಊರು, ಯಾವ ದಿನ, ಎಷ್ಟು ಅಡಿ ಆಳ. ಆ ಚೀಟಿ ಬರೆಯಲು ನಮ್ಮ ಹೈಸ್ಕೂಲಿನ ಮಕ್ಕಳು ಸಾಕು. ತೂಗುವ ಕಾಟಾ ಈ ದೇಶದಲ್ಲಿ ಆಗಲೇ ಇದೆ.